ಲಕ್ಷ ಬತ್ತಿಯ ಭಾಗಾಕಾರ

ಒಂದು ಬರೆದು ಮುಂದೆ ಐದು ಸೊನ್ನೆ ಸುತ್ತಿದರೆ ಲಕ್ಷ. ನೋಡುವುದಕ್ಕೆ ಇಷ್ಟು ಸಾಧುವಾದ ಸಂಖ್ಯೆ ಇನ್ನೊಂದಿಲ್ಲ. ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿರುವ ನಾನು, ರಂಜಿತ, ಅದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಒರೆಸಿದ್ದೇನೋ ಲೆಕ್ಕವಿಲ್ಲ. ಅದೇ ಸಂಖ್ಯೆ ಒಂದು ದಿನ ನನ್ನ ನೆಮ್ಮದಿ ಕೆಡಿಸಿ, ಕೂತಲ್ಲಿ ಕೂರಲು ನಿಂತಲ್ಲಿ ನಿಲ್ಲಲು ಬಿಡದೆ ಕಾಡುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಶುರುವಾದದ್ದು ಅಪ್ಪನ ಎದೆನೋವಿನಿಂದ. ಕಿರಂಗೂರಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದ ಅಪ್ಪ ಕೆಂಪಣ್ಣ ಅಲ್ಲೇ ಕುಸಿದು ಕುಳಿತ. ಮೈಸೂರಿನ ಆಸ್ಪತ್ರೆಗೆ ಸಾಗಿಸಿದೆವು. ಒಳಗೆ ಡಾಕ್ಟರು ಅವನ ಹೃದಯಕ್ಕೆ ಸ್ಟೆಂಟ್ ಹಾಕುತ್ತಿದ್ದರೆ ಹೊರಗೆ ಅವ್ವ ಜಯಲಕ್ಷ್ಮಮ್ಮ ಕಾರಿಡಾರಿನಲ್ಲೇ ಸೆರಗೊಡ್ಡಿ ನಿಂತು ಗಂಜಾಂನ ನಿಮಿಷಾಂಬ ತಾಯಿಗೆ ಹರಕೆ ಹೊತ್ತಳು.

“ಇವ್ರು ಎದ್ದು ಓಡಾಡಂಗಾದ್ರೆ ಕಾರ್ತೀಕ್ದಲ್ಲಿ ನಿನ್ ಮುಂದೆ ಲಕ್ಷ ಬತ್ತಿ ಅಚ್ಚುಸ್ತೀನಿ ಕಣವ್ವ. ನನ್ನ ಎಣ್ಣುಮಕ್ಳು ಅವರವರ ಕೈಯಾರೆ ಒಸೀತಾರೆ. ಎಲ್ರುದೂ ಸಮಪಾಲು. ಒಬ್ಬಳದು ಎಚ್ಚಿಲ್ಲ, ಒಬ್ಬಳದು ಕಮ್ಮಿಯಿಲ್ಲ.”

ಅಪ್ಪ ಎದ್ದು ಓಡಾಡಿದ. ಓಡಾಡಿದ ಮೇಲೆ ಆ ಹರಕೆ ಅವ್ವನಿಗಿಂತ ಅವನದೇ ಆಗಿಹೋಯಿತು. ಹರಕೆ ಸರಿಯಾಗಿ ತೀರದಿದ್ದರೆ ತಾಯಿ ಕೊಟ್ಟ ಉಸಿರನ್ನು ವಾಪಸ್ಸು ಕೇಳುತ್ತಾಳೆ ಎಂಬುದು ಅವನ ಗಟ್ಟಿ ನಂಬಿಕೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ಮರೆತಾನು, ಬತ್ತಿ ಎಲ್ಲಿಗೆ ಬಂತು ಎಂದು ಕೇಳುವುದನ್ನು ಮರೆಯುತ್ತಿರಲಿಲ್ಲ.

ಅವ್ವ ಶ್ರೀರಂಗಪಟ್ಟಣದಿಂದ ಹತ್ತಿ ತರಿಸಿ ಹೊಸ ಬಿದಿರು ಬುಟ್ಟಿಗಳಲ್ಲಿ ತುಂಬಿದಳು. ಒಂದು ಬುಟ್ಟಿ ಸಿಂಧಘಟ್ಟಕ್ಕೆ ಕೊಟ್ಟಿರುವ ನಮ್ಮ ದೊಡ್ಡಕ್ಕ ಯಶೋದಳಿಗೆ, ಒಂದು ನನಗೆ, ಒಂದು ಎಲ್ಲರಿಗಿಂತ ಚಿಕ್ಕವಳಾದ ದಿವ್ಯಳಿಗೆ. ದಿವ್ಯಳ ಗಂಡ ಮಂಜುನಾಥ ನಾಗಮಂಗಲದವನು. ಮನೆಯಳಿಯನಾಗಿ ಬಂದು ನಮ್ಮ ಹೊಲ, ಹಸು, ಅಪ್ಪನ ಬೈಗುಳ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಾನೆ. ಅವ್ವ ನಾಲ್ಕನೆಯ ಬುಟ್ಟಿಯನ್ನೂ ತುಂಬಿ ದೇವರ ಗೂಡಿನ ಕೆಳಗಿಟ್ಟಿದ್ದಳು. ಹತ್ತಿ ಸಾಲದೆ ಬಂದರೆ ಇರಲಿ ಎಂದು ಇಟ್ಟಿರಬೇಕು ಎಂದುಕೊಂಡೆವು, ಕೇಳಲಿಲ್ಲ.

ಕೂತಾಗ ಹೊಸೆದೆವು, ಟಿ.ವಿ. ನೋಡುತ್ತಾ ಹೊಸೆದೆವು. ನಾನು ಶಾಲೆಯ ಸ್ಟಾಫ್ ರೂಮಿನಲ್ಲೂ ಹೊಸೆದೆ. ನೂರು ಬತ್ತಿಗೊಂದು ಕಟ್ಟು ಮಾಡಿ ದಾರ ಸುತ್ತುವುದು. ಗೌರಿಹಬ್ಬಕ್ಕೆ ಎಲ್ಲರೂ ಕಿರಂಗೂರಿನಲ್ಲಿ ಸೇರಿದಾಗ ಅಪ್ಪ ಊಟದೆಲೆಯ ಮುಂದೆಯೇ ಕೇಳಿದ.

“ಮೇಷ್ಟ್ರಮ್ಮ, ಒಬ್ಬೊಬ್ಬರು ಒಟ್ಟು ಎಷ್ಟು ಒಸೀಬೇಕು, ಕರೆಕ್ಟಾಗಿ ಏಳ್ಬುಡು.”

ನನಗೆ ಇಂಥ ಪ್ರಶ್ನೆ ಎಂದರೆ ಕೋಡು ಮೂಡುತ್ತದೆ. “ಒಟ್ಟು ಸಾವಿರ ಕಟ್ಟು. ಮೂವರಿಗೆ ತಲಾ ಮುನ್ನೂರ ಮೂವತ್ತಮೂರು ಕಟ್ಟು. ಒಂದು ಕಟ್ಟು ಉಳೀತದೆ. ಅದನ್ನ ಬಿಚ್ಚಿದ್ರೆ ತಲಾ ಮೂವತ್ತಮೂರು ಬತ್ತಿ. ಒಂದು ಬತ್ತಿ...” ಅಂದು ನಿಲ್ಲಿಸಿದೆ.

“ಒಂದು ಬತ್ತಿ?” ಅಂದ ಅಪ್ಪ.

“ಒಂದು ಬತ್ತಿ ಉಳೀತದೆ.”

“ಅದ ನಾ ಒಸೀತೀನಿ ಬುಡು, ದೊಡ್ಡೋಳು ನಾನು,” ಅಂದಳು ಯಶೋದಕ್ಕ.

“ದೊಡ್ಡೋಳಾದ್ರೇನಕ್ಕ? ಅಪ್ಪನ ಜೊತೆ ಆಸ್ಪತ್ರೇಲಿ ಇದ್ದೋಳು ನಾನು, ಇವತ್ತಿಗೂ ಮಾತ್ರೆ ಕೊಡೋಳು ನಾನು,” ಅಂದಳು ದಿವ್ಯ. ಒಂದು ಬತ್ತಿಯ ವಿಷಯ ಅಲ್ಲಿಂದ ಹೊರಟು, ಯಾರ ಮದುವೆಗೆ ಅಪ್ಪ ಎಷ್ಟು ಸೀರೆ ತಂದಿದ್ದ ಎಂಬಲ್ಲಿಗೆ ಹೋಗಿ, ಒಬ್ಬಟ್ಟು ತಣ್ಣಗಾಯಿತು.

ಅವ್ವ ಎಲೆಯಿಂದ ತಲೆಯೆತ್ತಲಿಲ್ಲ. “ಸಮ ಅಂದ್ರೆ ಸಮ. ಯಾರ್ದೂ ಎಚ್ಚಾಗಂಗಿಲ್ಲ,” ಅಂದಳು.

ನಾನು ದಾರಿ ಹುಡುಕಿದೆ. ಆ ಒಂದು ಬತ್ತಿಯನ್ನು ಮೂರು ತುಂಡು ಮಾಡೋಣವೇ ಎಂದರೆ ತುಂಡು ಬತ್ತಿ ದೇವರಿಗೆ ಬರುವುದಿಲ್ಲವಂತೆ. ಮೂವರೂ ಸೇರಿ ಹೊಸೆಯೋಣವೇ ಎಂದರೆ ಒಂದು ಬತ್ತಿಗೆ ಒಂದೇ ಕೈಯಂತೆ. ಕೊನೆಗೆ ನನ್ನ ಬುದ್ಧಿವಂತಿಕೆಯನ್ನೆಲ್ಲ ಖರ್ಚು ಮಾಡಿ ಹೇಳಿದೆ: “ಅವ್ವ, ಎಂಟು ಸೇರಿಸ್ಬುಡಾನ. ನೂರಾ ಎಂಟು, ಸಾವಿರದೆಂಟು ಅಂತ ಮಾಡಲ್ವಾ? ಎಂಟು ಸೇರಿದ್ರೆ ಅಂಕಿಗಳ ಮೊತ್ತ ಒಂಬತ್ತಾಯ್ತದೆ, ಮೂರರಲ್ಲಿ ಸಲೀಸಾಗಿ ಹೋಗ್ತದೆ. ಲಕ್ಷದೆಂಟಾದ್ರೆ ತಲಾ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತಾರು. ಯಾರಿಗೂ ಹೆಚ್ಚಿಲ್ಲ, ಕಮ್ಮಿಯಿಲ್ಲ.”

ಹೀಗೆ ಹೇಳುವಾಗ ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು. ನೂರೆಂಟು, ಸಾವಿರದೆಂಟು, ಲಕ್ಷದೆಂಟು, ಎಲ್ಲವೂ ಒಂಬತ್ತರಿಂದಲೇ ಭಾಗವಾಗುತ್ತವೆ ಎಂಬುದು ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

“ನಾ ಬೇಡ್ಕಂಡಿರೋದು ಲಕ್ಷ,” ಅಂದಳು ಅವ್ವ. “ಎಂಟು ಯಾತಕ್ಕೆ? ಲಕ್ಷ ಸರಿಯಾಗೇ ಭಾಗ ಆಯ್ತದಲ್ಲ.”

“ಆಗಲ್ಲ ಅಂತ ಇಷ್ಟೊತ್ತು ಹೇಳ್ತಾವ್ನಿ!”

“ಆಯ್ತದೆ ಕಣವ್ವ.”

ನನಗೆ ರೇಗಿಹೋಯಿತು. ಬೇರೆ ಏನು ಅಂದರೂ ತಡೆದುಕೊಂಡೇನು, ಭಾಗಾಕಾರ ತಪ್ಪು ಎಂದರೆ ತಡೆಯಲಾರೆ. ಅಡುಗೆಮನೆಗೆ ಹೋಗಿ ಹುಣಸೆ ಬೀಜದ ಡಬ್ಬ ತಂದು ಅವ್ವನ ಮುಂದೆ ಸುರಿದೆ. ಹತ್ತು ಬೀಜ ಮೂರು ಪಾಲು ಮಾಡಿದೆ, ಒಂದು ಉಳಿಯಿತು. ನೂರು ಬೀಜ ಮಾಡಿದೆ, ಒಂದು ಉಳಿಯಿತು. “ಹತ್ತಾಗ್ಲಿ, ನೂರಾಗ್ಲಿ, ಲಕ್ಷ ಆಗ್ಲಿ, ಕೋಟಿನೇ ಆಗ್ಲಿ, ಒಂದರ ಮುಂದೆ ಎಷ್ಟು ಸೊನ್ನೆ ಇಟ್ರೂ ಮೂರರಲ್ಲಿ ಭಾಗಿಸಿದ್ರೆ ಒಂದು ಉಳಿದೇ ಉಳೀತದೆ. ಮೊದಲನೇ ಸೊನ್ನೆಯಿಂದ ಕೊನೇ ಸೊನ್ನೆವರೆಗೂ ಇದೇ ಹಣೆಬರಹ!”

ಅವ್ವ ಬೀಜಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬಿದಳು. “ನೀ ಎಂಗ್ ಮಾಡ್ತಿದ್ದೀಯೋ ನಂಗೊತ್ತಿಲ್ಲ,” ಅಂದಳಷ್ಟೆ.

ಅಪ್ಪ ಎಲೆ ಮುಂದಿನಿಂದ ಎದ್ದವನು ಮತ್ತೆ ಕೂರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಜಗಲಿಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಜಗಲಿಗೆ ನಡೆದ. “ಒಂದು ಬತ್ತಿ ಎಚ್ಚುಕಮ್ಮಿ ಆಗ್ಬುಟ್ರೆ ನನ್ ಗತಿ ಏನು?” ಎಂದು ಹಸುಗಳನ್ನು ಕೇಳುತ್ತಿದ್ದ. ಅವನ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು.

ಮಾರನೆಯ ದಿನ ಕೆ.ಆರ್. ಪೇಟೆಗೆ ಹಿಂದಿರುಗುವಾಗ ಪಾಂಡವಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ ಸ್ಟ್ಯಾಂಡಿನ ಎದುರಿಗೆ ಪಂಪ್‌ಸೆಟ್ ಮೋಟಾರುಗಳಿಗೆ ವೈರು ಸುತ್ತಿಕೊಡುವ ಅಂಗಡಿಯೊಂದಿದೆ. ಅದು ಸಿದ್ದೇಶನದು. ಸಿದ್ದೇಶನ ಹೆಂಡತಿ ಸುಧ ನನ್ನ ತಂಗಿ. ನನಗಿಂತ ಚಿಕ್ಕವಳು, ದಿವ್ಯಳಿಗಿಂತ ದೊಡ್ಡವಳು. ಬೇರೆ ಜಾತಿಯವನನ್ನು ಮದುವೆಯಾದಳು ಎಂದು ಎಂಟೊಂಬತ್ತು ವರ್ಷದ ಹಿಂದೆ ಅಪ್ಪ ಅವಳನ್ನು ಹೊಸಿಲಿನಿಂದ ಆಚೆ ನಿಲ್ಲಿಸಿದ. “ಇವತ್ತಿಂದ ನಂಗೆ ಮೂರೇ ಎಣ್ಣುಮಕ್ಳು,” ಅಂದ. ಅವ್ವನ ಕೈಯನ್ನು ಹಿಡಿದೆಳೆದು ತನ್ನ ತಲೆಯ ಮೇಲಿಟ್ಟುಕೊಂಡು, ಇನ್ನು ಮೇಲೆ ಅವಳ ಹೆಸರು ಎತ್ತುವುದಿಲ್ಲ ಎಂದು ಆಣೆ ಮಾಡಿಸಿದ. ಎತ್ತಿದರೆ ತಾನು ಉಳಿಯುವುದಿಲ್ಲ ಎಂದ. ಅವತ್ತಿನಿಂದ ಅವ್ವ ಆ ಹೆಸರನ್ನು ಉಸಿರಿನಲ್ಲೂ ತಂದಿಲ್ಲ. ಸುಧ ಬದುಕುತ್ತಿರುವುದು ಯಶೋದಕ್ಕನಿಗಿಂತ, ನನಗಿಂತ ಹತ್ತಿರದಲ್ಲಿ, ಕಿರಂಗೂರಿನಿಂದ ಬಸ್ಸು ಹತ್ತಿದರೆ ಟಿಕೆಟು ಹರಿಯುವಷ್ಟರಲ್ಲಿ ಬರುವ ಊರಿನಲ್ಲಿ.

ಅವಳು ಅಂಗಡಿಯ ಮುಂದೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದಳು. ನನ್ನನ್ನು ನೋಡಿ ಕೈಯೆತ್ತಿದಳು. ಬಸ್ಸು ಹೊರಡುವುದರಲ್ಲಿತ್ತು, ನಾನೂ ಕೈಯೆತ್ತಿದೆ.

ಆಮೇಲಿನ ದಿನಗಳು ಸರಿಯಿರಲಿಲ್ಲ. ಬತ್ತಿ ಹೊಸೆಯಲು ಕೂತರೆ ಬೆರಳು ಹೊರಳುತ್ತಿರಲಿಲ್ಲ, ಎದ್ದು ನೀರು ಕುಡಿಯುತ್ತಿದ್ದೆ, ಮತ್ತೆ ಕೂರುತ್ತಿದ್ದೆ. ದಿವ್ಯ ಫೋನು ಮಾಡಿ, ಅಪ್ಪ ಊಟ ಬಿಟ್ಟಿದ್ದಾನೆ, ರಾತ್ರಿಯೆಲ್ಲ ಹೊರಳಾಡುತ್ತಾನೆ ಎಂದಳು. ಯಶೋದಕ್ಕ ಫೋನು ಮಾಡಿ, ಆ ಒಂದು ಬತ್ತಿ ನನಗೇ ಇರಲಿ ಎಂದು ಹೇಳಿಬಿಡು ಎಂದಳು. ನನಗೆ ಅವ್ವನ ಮೇಲೇ ಸಿಟ್ಟು. ಎಂಟು ಸೇರಿಸು ಎಂದರೆ ಬೇಡ. ತುಂಡು ಮಾಡೆಂದರೆ ಬೇಡ. ಮಾತೆತ್ತಿದರೆ ಲಕ್ಷ ಸರಿಯಾಗೇ ಭಾಗ ಆಯ್ತದೆ! ಇಷ್ಟು ಹಟ ಅವ್ವನ ಜಾಯಮಾನವಲ್ಲ. ಮಾತು ಸೋತರೂ ಸುಮ್ಮನಾಗುವವಳು ಅವಳು.

ಆ ವಾರ ಎಂಟನೇ ತರಗತಿಗೆ ಭಾಜ್ಯತೆಯ ನಿಯಮಗಳ ಪಾಠವಿತ್ತು. ತಲೆಯಲ್ಲಿ ಬೇರೆ ಸಂಖ್ಯೆ ಇರಲಿಲ್ಲವಾದ್ದರಿಂದ ಬೋರ್ಡಿನ ಮೇಲೆ ಲಕ್ಷವನ್ನೇ ಬರೆದೆ.

“ಇದು ಯಾವುದರಿಂದ ಭಾಗವಾಗುತ್ತೆ?”

“ಎರಡೂ!” ಅಂತು ಕ್ಲಾಸು. “ಮೂರು ಆಗಲ್ಲ ಮಿಸ್, ಮೊತ್ತ ಒಂದೇ! ನಾಕೂ! ಐದೂ!”

ನಾನು ಲಕ್ಷವನ್ನು ಒಡೆದು ತೋರಿಸಿದೆ. ಐದು ಎರಡುಗಳು, ಐದು ಐದುಗಳು, ಎಲ್ಲ ಗುಣಿಸಿದರೆ ಲಕ್ಷ. ಎಷ್ಟು ಕೆದಕಿದರೂ ಒಳಗೆ ಮೂರು ಇಲ್ಲ. ನಾಲ್ಕು ಇದೆ. ಎರಡೆರಡಲ ನಾಲ್ಕು, ಅಲ್ಲೇ ಮೊದಲಲ್ಲೇ ಕೂತಿದೆ. ನಾಲ್ಕು ಪಾಲು ಮಾಡಿದರೆ ತಲಾ ಇಪ್ಪತ್ತೈದು ಸಾವಿರ.

ಇನ್ನೂರೈವತ್ತು ಕಟ್ಟು. ಉಳಿಯುವುದು ಏನೂ ಇಲ್ಲ.

ಚಾಕ್‌ಪೀಸು ಕೈಯಲ್ಲೇ ಉಳಿಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವ್ವ ಮೂರು ಎಂದಿದ್ದಳೇ? ಇಲ್ಲ. ‘ನನ್ನ ಎಣ್ಣುಮಕ್ಳು’ ಎಂದಿದ್ದಳು. ಮೂರು ಎಂದು ಲೆಕ್ಕ ಶುರು ಮಾಡಿದವಳು ನಾನು, ಅಪ್ಪನ ಬಾಯಲ್ಲಿ ಕೇಳಿ ಕೇಳಿ ರೂಢಿಯಾಗಿ. ದೇವರ ಗೂಡಿನ ಕೆಳಗೆ ನಾಲ್ಕನೆಯ ಬುಟ್ಟಿ ಹಬ್ಬದ ದಿನವೂ ತುಂಬಿಕೊಂಡೇ ಕೂತಿತ್ತು. ನನಗೆ ಅಳು ಒತ್ತರಿಸಿ ಬಂತು. ಮಕ್ಕಳೆದುರು ಅಳಬಾರದೆಂದು ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೇ ಇನ್ನೊಮ್ಮೆ ಬರೆದೆ. ಮಧ್ಯಾಹ್ನ ರಜೆ ಹಾಕಿ ಬಸ್ಸು ಹತ್ತಿದೆ. ಚಿನಕುರಳಿಯಲ್ಲಿ ಡ್ರೈವರು ಟೀ ಕುಡಿಯಲು ಇಳಿದಾಗ ಅವನನ್ನು ಹೊಡೆದುಬಿಡುವಷ್ಟು ಕೋಪ ಬಂತು.

ಅಪ್ಪ ಕೊಟ್ಟಿಗೆಯಲ್ಲಿ ಹಸುವಿನ ಮೈ ತಿಕ್ಕುತ್ತಿದ್ದ. ಪೀಠಿಕೆ ಹಾಕುವ ತಾಳ್ಮೆ ನನಗಿರಲಿಲ್ಲ.

“ಅಪ್ಪ, ಅವ್ವನ ಹರಕೆ ಮೂರು ಜನಕ್ಕೆ ಅಲ್ಲ. ನಾಕು ಜನಕ್ಕೆ. ನಾಕಾದ್ರೆ ಸರಿಯಾಗಿ ಭಾಗ ಆಯ್ತದೆ.”

ಅವನ ಕೈ ನಿಂತಿತು. “ಯಾರು ಏಳ್ಕೊಟ್ಟಿದ್ದು ನಿಂಗೆ? ನಿಮ್ಮವ್ವನಾ?”

“ಅವ್ವ ಹೆಂಗೆ ಹೇಳ್ತಾಳೆ? ನಿನ್ನ ತಲೆ ಮೇಲೆ ಕೈ ಇಡಿಸಿಕೊಂಡಿದ್ದೀಯಲ್ಲ. ನನಗೆ ಹೇಳಿದ್ದು ಲೆಕ್ಕ.”

“ಲೆಕ್ಕ ಕಲ್ಸಕ್ಕೆ ಬಂದ್ಬುಟ್ಲು! ನಂಗೆ ಮೂರೇ ಎಣ್ಣುಮಕ್ಳು. ಮೂರರಲ್ಲೇ ಮಾಡಿ.”

“ಮಾಡು ನೀನೇ,” ಅಂದೆ. ಕಿರುಚಿದೆ ಅಂದರೂ ಸರಿ. “ನಿನ್ನ ಜೀವ, ನಿನ್ನ ಹರಕೆ. ನೀನೇ ಮೂರು ಪಾಲು ಮಾಡಿ ತೋರಿಸು.”

ಅಪ್ಪ ಹುಣಸೆ ಬೀಜದ ಡಬ್ಬ ತರಿಸಿಕೊಂಡು ಜಗಲಿಯ ಮೇಲೆ ಕೂತ. ಒಂದು ಬೀಜ ಒಂದು ಕಟ್ಟಿನ ಲೆಕ್ಕ. ಸಾವಿರ ಬೀಜ ಎಣಿಸಿಕೊಂಡ. ಯಶೋದಂಗೊಂದು, ರಂಜಿತಂಗೊಂದು, ದಿವ್ಯಂಗೊಂದು ಎನ್ನುತ್ತಾ ಮೂರು ಗುಡ್ಡೆ ಹಾಕಿದ. ಕೊನೆಯ ಬೀಜ ಕೈಯಲ್ಲೇ ಉಳಿಯಿತು. ಎಣಿಕೆ ತಪ್ಪಿರಬೇಕು ಎಂದು ಗೊಣಗಿ ಎಲ್ಲ ಕಲಸಿ ಮತ್ತೆ ಹಾಕಿದ. ಮತ್ತೆ ಉಳಿಯಿತು. ದಿವ್ಯ ಕಾಫಿ ತಂದಿಟ್ಟಳು, ಆರಿಹೋಯಿತು. ಮಂಜುನಾಥ ಹಾಲು ಕರೆದು ಡೈರಿಗೆ ಹಾಕಿ ಬಂದ. ಆಗಲೂ ಅಪ್ಪ ಜಗಲಿಯ ಮೇಲೇ ಇದ್ದ, ಬೆರಳುಗಳ ನಡುವೆ ಒಂದು ಬೀಜ ಹಿಡಿದುಕೊಂಡು, ಅದನ್ನು ಆ ಗುಡ್ಡೆಗಿಡಲೋ ಈ ಗುಡ್ಡೆಗಿಡಲೋ ಎಂದು ಕೈಯನ್ನು ಆಚೀಚೆ ಮಾಡುತ್ತಾ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಾತಾಡುವ ಹಾಗಿರಲಿಲ್ಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಬಿಳಿ ಪಂಚೆ ಉಟ್ಟು, ದೇವರ ಗೂಡಿನ ಕೆಳಗಿದ್ದ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ.

“ನಡಿ, ಬಸ್ಸು ಓಗ್ಬುಡ್ತದೆ,” ಅಂದ.

ಪಾಂಡವಪುರದಲ್ಲಿ ಇಳಿದವನು ಸೀದಾ ಅಂಗಡಿಗೆ ನಡೆದ. ದಾರಿ ಅವನಿಗೆ ಗೊತ್ತಿತ್ತು. ಸಿದ್ದೇಶ ಗಾಬರಿಯಿಂದ ಎದ್ದು ಕುರ್ಚಿ ಎಳೆದು, “ಕೂತ್ಕಳಿ ಮಾವ,” ಅಂದ. ಅಪ್ಪ ಕೂರಲಿಲ್ಲ. ಸುಧ ತಂತಿಯ ಸುರುಳಿ ಹಿಡಿದುಕೊಂಡೇ ಹೊರಗೆ ಬಂದಳು. ಅಪ್ಪನನ್ನು ನೋಡಿದಳು, ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು.

“ಲಕ್ಷ ಮೂರರಲ್ಲಿ ಭಾಗ ಆಗಲ್ವಂತೆ ಕಣವ್ವ,” ಅಂದ ಅಪ್ಪ.

ಅವಳಿಗೆ ಅರ್ಥವಾಗಲಿಲ್ಲ. ಹರಕೆಯ ಕಥೆಯನ್ನು ನಾನೇ ಅವಸರವಸರವಾಗಿ ಹೇಳಿದೆ. ಕೇಳಿದ ಮೇಲೆ ಅವಳ ಮುಖ ಗಟ್ಟಿಯಾಯಿತು.

“ಅಂದ್ರೆ ಲೆಕ್ಕ ಸರಿಬರ್ಲಿಲ್ಲ ಅಂತ ಬಂದಿದ್ದೀಯ. ಸರಿ ಬಂದಿದ್ರೆ ಬತ್ತಿರ್ಲಿಲ್ಲ.”

“ಬತ್ತಿರ್ಲಿಲ್ಲ,” ಅಂದ ಅಪ್ಪ. ಒಂದು ಸಣ್ಣ ಸುಳ್ಳು ಹೇಳಬಾರದೇ ಈ ಮನುಷ್ಯ ಎಂದು ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

“ಸಾಯೋ ಭಯಕ್ಕೆ ಬಂದೆ.”

“ಊಂ ಕಣವ್ವ, ಭಯಕ್ಕೇ ಬಂದೆ.” ಅಪ್ಪ ಬುಟ್ಟಿಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದ. “ನೆನ್ನೆ ಬೀಜ ಇಟ್ಕಂಡು ಮೂರು ಗುಡ್ಡೆ ಆಕ್ದೆ. ಎಷ್ಟು ಸಲ ಆಕುದ್ರೂ ಒಂದು ನನ್ ಕೈಯಲ್ಲೇ ಉಳ್ಕಂಡ್ಬುಡದು. ಎಲ್ಲಿಡಬೇಕು ಅಂತ ಗೊತ್ತಾಗ್ನಿಲ್ಲ. ನೀನು ಮನೆ ಬುಟ್ಟು ಓದ ದಿನದಿಂದ್ಲೂ ಇಂಗೇ ಆಗೈತೆ ನಂಗೆ. ಮೂರೇ ಅಂತ ಬಾಯಲ್ಲಿ ಅಂದ್ಬುಟ್ಟೆ, ಒಳಗೆ ಸರಿಬರ್ನೇ ಇಲ್ಲ.”

ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರೊಂದು ಹೋಗಿ ಅದರ ಸದ್ದು ಅಡಗುವವರೆಗೆ ಸುಧ ತಂತಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು. ಆಮೇಲೆ ಕೈ ಚಾಚಿ ಬುಟ್ಟಿ ತೆಗೆದುಕೊಂಡಳು.

“ನಿಂಗೋಸ್ಕರ ಒಸೀತಾವ್ನಿ ಅಂದ್ಕಬ್ಯಾಡ. ಅವ್ವ ಬೇಡ್ಕಂಡವ್ಳೆ, ಅದಕ್ಕೆ,” ಅಂದಳು. ಸಿದ್ದೇಶನ ಕಡೆ ತಿರುಗಿ, “ಅಪ್ಪಂಗೆ ಟೀ ಏಳಿ,” ಅಂದಳು. ಆಗ ಅಪ್ಪ ಕುರ್ಚಿಯಲ್ಲಿ ಕೂತ.

ನಾವು ತಿಂಗಳುಗಟ್ಟಲೆ ಮಾಡಿದ್ದನ್ನು ಅವಳು ಕಾರ್ತೀಕದೊಳಗೆ ಮುಗಿಸಬೇಕಿತ್ತು. ಯಾರೂ ಕೈಹಾಕುವಂತಿರಲಿಲ್ಲ. ಮುಗಿಯುತ್ತದೋ ಇಲ್ಲವೋ ಎಂದು ಮತ್ತೆ ನನಗೆ ಕೂತಲ್ಲಿ ಕೂರಲಾಗದ ಸಂಕಟ. ದಿನಕ್ಕೆ ಮೂರು ಸಲ ಫೋನು ಮಾಡಿ ಅವಳಿಂದ ಬೈಸಿಕೊಂಡೆ. ಆದರೆ ವೈರು ಸುತ್ತಿ ಪಳಗಿದ ಬೆರಳುಗಳು ಅವಳವು. ಗಂಜಾಂಗೆ ಹೊರಡುವ ದಿನ ಬೆಳಿಗ್ಗೆ ಸಿದ್ದೇಶನ ಸ್ಕೂಟರಿನ ಹಿಂದೆ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದು ಮನೆ ಮುಂದೆ ಇಳಿದಳು. ಹೊಸಿಲಿನ ಆಚೆಯೇ ನಿಂತಳು.

ಅವ್ವ ಒಳಗಿನಿಂದ ಓಡಿ ಬಂದವಳು ಬಾಗಿಲಲ್ಲಿ ಗಕ್ಕನೆ ನಿಂತು ಅಪ್ಪನ ಮುಖ ನೋಡಿದಳು.

“ಆಣೆ ಇಲ್ಲ, ನಾನೇ ತೆಗ್ದಾಕಿವ್ನಿ. ಕರಿ,” ಅಂದ ಅಪ್ಪ.

ಅವ್ವ ಬಾಯಿ ತೆರೆದಳು. ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. “ಸುಧಾ,” ಅಂದಳು. ಆಮೇಲೆ ಯಶೋದಕ್ಕ ಜೋರಾಗಿ ಅತ್ತಳು, ಅವಳನ್ನು ನೋಡಿ ದಿವ್ಯ ಅತ್ತಳು, ಒಂದು ಬತ್ತಿಗೆ ಜಗಳವಾಡಿದವರಿಬ್ಬರೂ ಒಬ್ಬರ ಸೆರಗಿನಲ್ಲಿ ಒಬ್ಬರು ಮೂಗೊರೆಸಿಕೊಂಡರು.

ಹೊರಡುವ ಮುಂಚೆ ಅಪ್ಪ ಎಲ್ಲ ಕಟ್ಟುಗಳನ್ನೂ ಪಡಸಾಲೆಯಲ್ಲಿ ಒಟ್ಟಿಗೆ ಸುರಿಸಿ ಮತ್ತೆ ತಾನೇ ಪಾಲು ಹಾಕಿದ. ಅವನಿಗೆ ನಮ್ಮ ಯಾರ ಮಾತಿನ ಮೇಲೂ ನಂಬಿಕೆ ಇಲ್ಲ. ಯಶೋದಂಗೊಂದು, ರಂಜಿತಂಗೊಂದು, ಸುಧಂಗೊಂದು, ದಿವ್ಯಂಗೊಂದು. ಕೊನೆಯ ಕಟ್ಟು ದಿವ್ಯಳ ಗು‌ಡ್ಡೆಗೆ ಹೋಯಿತು. ಅಪ್ಪ ಮತ್ತೆ ನೆಲದ ಮೇಲೆ ಕೈಯಾಡಿಸಿ ಹುಡುಕಿದ. ಏನೂ ಇರಲಿಲ್ಲ. ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡ, ಪಂಚೆಗೆ ಒರೆಸಿಕೊಂಡ.

ಅವ್ವ ಬತ್ತಿಗಳಿಗೆ ತುಪ್ಪ ಕಾಯಿಸುತ್ತಿದ್ದಳು. ನಾನು ಅವಳ ಪಕ್ಕ ಹೋಗಿ ಕೂತು, ಎಷ್ಟೋ ದಿನದಿಂದ ಕಾಡುತ್ತಿದ್ದದ್ದನ್ನು ಕೇಳಿದೆ.

“ಅವ್ವ, ಲಕ್ಷ ಮೂರರಲ್ಲಿ ಹೋಗಲ್ಲ, ನಾಕರಲ್ಲಿ ಹೋಗ್ತದೆ ಅಂತ ಗೊತ್ತಿದ್ದೇ ಹರಕೆ ಹೊತ್ತಿದ್ಯಾ?”

ಅವ್ವ ಒಲೆಯ ಉರಿ ಸಣ್ಣ ಮಾಡಿದಳು.

“ನಂಗ್ಯಾವ ಲೆಕ್ಕ ಬತ್ತದವ್ವ? ನಾಕು ಮಕ್ಳ ಎತ್ತೋಳು ನಾನು. ಕೈಗೇನು ಬಂದ್ರೂ ನಾಕು ಪಾಲು ಮಾಡದೊಂದೇ ನಂಗೊತ್ತು. ಈ ಎಂಟೊಂಬತ್ತು ವರ್ಸ ದಿನಾ ಮಾಡಿವ್ನಿ, ಒಂದು ಪಾಲು ಕೊಡಕ್ಕಾಗ್ತಿರ್ಲಿಲ್ಲ, ಅಷ್ಟೆಯ.”